ಬಯಲಿನಲ್ಲಿ ಓಡುವವನು

2019ರಲ್ಲಿ ನಮ್ಮ ಗದಗ ಜಿಲ್ಲೆಯ ಒಂದು ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಪ್ರಥಮ ಪಿಯುಸಿಯ ವಿದ್ಯಾರ್ಥಿಯೊಬ್ಬ ಅರ್ಥಶಾಸ್ತ್ರದ ಉತ್ತರಪತ್ರಿಕೆಯಲ್ಲಿ ಕೇಳಿದ ಪ್ರಶ್ನೆಗಳನ್ನು ಬಿಟ್ಟು, ಪಬ್‌ಜಿ ಎಂಬ ಮೊಬೈಲ್ ಆಟವನ್ನು ಇಳಿಸಿಕೊಳ್ಳುವುದು ಹೇಗೆ, ಆಡುವುದು ಹೇಗೆ ಎಂದು ಬರೆದಿಟ್ಟು ಅನುತ್ತೀರ್ಣನಾಗಿದ್ದ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕಗಳನ್ನೇ ಪಡೆದಿದ್ದ ಹುಡುಗ. ಅದು ನಾನು ಸೇವೆಯಿಂದ ನಿವೃತ್ತನಾದ ವರ್ಷ. ಶಿಕ್ಷಕರ ಕೊಠಡಿಯಲ್ಲಿ ಸುದ್ದಿಯನ್ನು ಓದಿ ಕೆಲವರು ನಕ್ಕರು, ಕೆಲವರು ಹಣೆ ಚಚ್ಚಿಕೊಂಡರು. ನನ್ನ ಕುತೂಹಲ ಬೇರೆಯಾಗಿತ್ತು. ಪರೀಕ್ಷೆಯಲ್ಲಿ ಕುಳಿತು, ಯಾರೂ ಕೇಳದ ಪ್ರಶ್ನೆಗೆ ಉತ್ತರ ಬರೆಯುವಷ್ಟರ ಮಟ್ಟಿಗೆ ಆ ಹುಡುಗನ ತಲೆಯಲ್ಲಿ ತುಂಬಿಕೊಂಡಿದ್ದ ವಿದ್ಯೆಯಾದರೂ ಯಾವುದು? ಮೂವತ್ತು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದವನಿಗೆ ಇಂಥ ಸಂದೇಹಗಳು ಸಹಜ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಳಗಾವಿ ಸಮೀಪದ ಕಾಕತಿಯಿಂದ ಇನ್ನೊಂದು ಸುದ್ದಿ ಬಂದಿತು. ಈ ಆಟವನ್ನು ಬಿಡೆಂದು ಗದರಿಸಿದ ತಂದೆಯನ್ನು ಮಗನೇ ಕೊಂದಿದ್ದ. ಆ ಸುದ್ದಿಗೆ ಯಾರೂ ನಗಲಿಲ್ಲ. ಅಂದಿನಿಂದ ನಮ್ಮ ಕಡೆಯ ಮನೆಗಳಲ್ಲಿ 'ಪಬ್‌ಜಿ' ಎಂಬ ಶಬ್ದವನ್ನು ಸಾರಾಯಿ, ಮಟಕಾ ಎಂಬ ಶಬ್ದಗಳ ಸಾಲಿನಲ್ಲಿಟ್ಟು ಉಚ್ಚರಿಸುವುದು ರೂಢಿಯಾಯಿತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರಕಾರ ನೂರ ಹದಿನೆಂಟು ಆ್ಯಪ್‌ಗಳಲ್ಲಿ ಒಂದಾಗಿ ಅದನ್ನೂ ನಿಷೇಧಿಸಿದಾಗ ತಾಯಂದಿರು ನಿಟ್ಟುಸಿರು ಬಿಟ್ಟರು. ಮರುವರ್ಷ ಜುಲೈಯಲ್ಲಿ ಅದೇ ಆಟ 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ' ಎಂಬ ಹೆಸರಿನಲ್ಲಿ, ಕೆಂಪು ರಕ್ತದ ಬದಲು ಹಸಿರು ಬಣ್ಣ ಚಿಮ್ಮಿಸುತ್ತ, ಮರಳಿ ಬಂದಿತು. 2022ರ ಜುಲೈಯಲ್ಲಿ ಮತ್ತೆ ಮಾಯವಾಯಿತು. 2023ರ ಮೇ ತಿಂಗಳಲ್ಲಿ ಮತ್ತೆ ಬಂದಿತು. ಜಾತ್ರೆಯ ತೊಟ್ಟಿಲಿನಂತೆ ಹೀಗೆ ಏರಿಳಿಯುತ್ತಿದ್ದರೂ ಹುಡುಗರು ಮಾತ್ರ ಅದರಿಂದ ಇಳಿಯಲಿಲ್ಲ.

ಈ ಪೀಠಿಕೆಗೆ ಕಾರಣವಿದೆ. ರೋಣದ ಹತ್ತಿರದ ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿರುವ ನನ್ನ ತಮ್ಮನ ಮಗ ಒಂದು ದಿನ ಗಜೇಂದ್ರಗಡದ ನಮ್ಮ ಮನೆಗೆ ಬಂದು, ಕುಳಿತವನು ಬಹಳ ಹೊತ್ತು ಮಾತನಾಡಲಿಲ್ಲ. ಕಡೆಗೆ, "ಕಾಕಾ, ಹುಡುಗಂದು ಈ ಸಲ ಎಸ್ಸೆಸ್ಸೆಲ್ಸಿ. ಮನ್ಯಾಗ ಒಂದು ಮಾತ ಆಡಂಗಿಲ್ಲ. ಫೋನ್ ಕಸಗೊಂಡ್ರ ಊಟ ಬಿಡತಾನ. ಹೊಡದ್ರ ಏನರ ಮಾಡಿಕೊಂಡಾನು ಅಂತ ಅಂಜಿಕಿ. ನೀವು ಮಾಸ್ತರು, ಬಿಡಸ್ರಿ" ಎಂದನು. ಅವನ ಕಣ್ಣಿನಲ್ಲಿ ಕಾಕತಿಯ ಸುದ್ದಿ ಇತ್ತು. ಅದನ್ನು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಏನೆಂದು ತಿಳಿಯದ ವಸ್ತುವನ್ನು ಬಿಡಿಸುವುದು ಹೇಗೆ? ದೀಪಾವಳಿಯ ಸೂಟಿಗೆ ಹುಡುಗನನ್ನು ಕಳುಹಿಸು ಎಂದೆ. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವ ನನ್ನ ಮಗಳ ಮಗನೂ ಅದೇ ವೇಳೆಗೆ ಬಂದಿದ್ದ. ಇವನು ಆ ಆಟದಲ್ಲಿ ಪಳಗಿದವನು. ರೋಣದ ಹುಡುಗ ಆಡುವುದರಲ್ಲಿ ಉತ್ಸಾಹಿಯೇ ಹೊರತು ನಿಪುಣನಲ್ಲ ಎಂಬುದು ಮೊದಲ ಸಂಜೆಯೇ ಬಯಲಾಯಿತು. ದೊಡ್ಡವನು ಚಿಕ್ಕವನಿಗೆ ಪಾಠ ಹೇಳತೊಡಗಿದ. ನಾನು ಇಬ್ಬರ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತೆ. ಐದು ದಿನ ಹಾಗೆ ಕುಳಿತೆನೆಂದು ಹೇಳಿದರೆ ನನ್ನ ಹಳೆಯ ವಿದ್ಯಾರ್ಥಿಗಳು ನಂಬಲಿಕ್ಕಿಲ್ಲ. ಮನೆಯವಳು ಚಹಾ ತಂದಿಟ್ಟು, "ಅಜ್ಜಗೂ ಹುಚ್ಚು ಹತ್ತಿತು" ಎಂದು ಹೋದಳು.

ಆಟದ ಸ್ವರೂಪವನ್ನು ತಿಳಿಯದ ನನ್ನ ವಯಸ್ಸಿನವರಿಗಾಗಿ ಎರಡು ಮಾತು. ನೂರು ಜನರನ್ನು ಹೊತ್ತ ವಿಮಾನ ಒಂದು ದ್ವೀಪದ ಮೇಲೆ ಹಾರುತ್ತದೆ. ಪ್ರತಿಯೊಬ್ಬನೂ ತನಗೆ ಬೇಕಾದಲ್ಲಿ ಪ್ಯಾರಾಶೂಟಿನಿಂದ ಇಳಿಯುತ್ತಾನೆ, ಬರಿಗೈಯಲ್ಲಿ. ಬಿಟ್ಟುಹೋದ ಮನೆಗಳಲ್ಲಿ ಬಂದೂಕು, ಗುಂಡು, ಔಷಧ, ಶಿರಸ್ತ್ರಾಣಗಳನ್ನು ಹುಡುಕಿಕೊಳ್ಳಬೇಕು. ಒಂದು ವರ್ತುಲ ಹೊತ್ತುಹೊತ್ತಿಗೆ ಕಿರಿದಾಗುತ್ತ ಬರುತ್ತದೆ. ಅದರ ಹೊರಗೆ ಉಳಿದವನು ತಾನಾಗಿಯೇ ಸಾಯುತ್ತಾನೆ. ಕೊನೆಗೆ ಉಳಿದವನು, ಅಥವಾ ನಾಲ್ವರ ತಂಡ, ಗೆದ್ದಂತೆ. ಬ್ರೆಂಡನ್ ಗ್ರೀನ್ ಎಂಬ ಐರ್ಲೆಂಡಿನವನ ಕಲ್ಪನೆ ಇದು. ದಕ್ಷಿಣ ಕೊರಿಯಾದ ಕಂಪನಿಯೊಂದು 2017ರಲ್ಲಿ ಅದನ್ನು ಲೋಕಕ್ಕೆ ಕೊಟ್ಟಿತು, ಮರುವರ್ಷ ಮೊಬೈಲಿಗೆ ಬಂದಿತು. ಇದರಲ್ಲಿ ಗುಂಡು ಗುರಿಯನ್ನು ಮುಟ್ಟಲು ಕಾಲ ತೆಗೆದುಕೊಳ್ಳುತ್ತದೆ, ದೂರ ಹೋದಂತೆ ಕೆಳಕ್ಕೆ ಬಾಗುತ್ತದೆ. ಹಾರಿಸಿದಾಗ ಬಂದೂಕು ಮೇಲಕ್ಕೆ ಒದೆಯುತ್ತದೆ. ಹೆಜ್ಜೆಯ ಸಪ್ಪಳ ಕೇಳಿಸುತ್ತದೆ. ನಮ್ಮ ಕಾಲದ ವಿಡಿಯೋ ಆಟಗಳ ಹಾಗೆ ಗುಂಡಿ ಒತ್ತಿದರೆ ವೈರಿ ಬೀಳುವುದಿಲ್ಲ.

ನಾನು ಹಲವು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಜೊತೆಗೆ ಎನ್‌ಸಿಸಿಯನ್ನೂ ನೋಡಿಕೊಂಡವನು. ಅದಕ್ಕಾಗಿ ನಾಗಪುರದ ಬಳಿಯ ಕಾಮ್‌ಟಿಯಲ್ಲಿ ತರಬೇತಿ ಪಡೆದು ಬಂದವನು. ಪಾಯಿಂಟ್ ಟೂ ಟೂ ರೈಫಲ್ಲಿನಿಂದ ಐದೈದು ಗುಂಡು ಹಾರಿಸಲು ಹುಡುಗರನ್ನು ಕರೆದೊಯ್ಯುತ್ತಿದ್ದೆ. ಅಲ್ಲಿ ಮಲಗಿ ನಡುಗಿದವರು ಇದನ್ನು ಓದುತ್ತಿದ್ದೀರಿ, ನನಗೆ ಗೊತ್ತು. ಆದ್ದರಿಂದ ಚಿಕ್ಕವನ ತಪ್ಪುಗಳು ನನಗೆ ಅಪರಿಚಿತವಾಗಿ ತೋರಲಿಲ್ಲ.

ಮೊದಲ ತಪ್ಪು ಆಕಾಶದಲ್ಲಿಯೇ ಆಗುತ್ತದೆ. ದ್ವೀಪದ ನಡುವೆ ಪೊಚಿಂಕಿ ಎಂಬ ಊರು. ಮನೆಗಳು ಹೆಚ್ಚು, ಸಾಮಾನು ಹೆಚ್ಚು. ಆದ್ದರಿಂದ ಜನವೂ ಹೆಚ್ಚು. ಚಿಕ್ಕವನು ಪ್ರತಿ ಸಲವೂ ಅಲ್ಲಿಯೇ ಜಿಗಿಯುವನು, ಪ್ರತಿ ಸಲವೂ ಬಂದೂಕು ಸಿಗುವ ಮುನ್ನವೇ ಸಾಯುವನು. "ಯಾಕ ಅಲ್ಲೇ ಹಾರತಿ?" ಎಂದು ದೊಡ್ಡವನು ಕೇಳಿದರೆ, "ಎಲ್ಲಾರೂ ಅಲ್ಲೇ ಹಾರತಾರಲ್ಲ" ಎಂಬ ಉತ್ತರ. ಪಿಯುಸಿಗೆ ಯಾವ ವಿಷಯ ತೆಗೆದುಕೊಳ್ಳುವೆ ಎಂದು ಕೇಳಿದಾಗ ಇದೇ ಉತ್ತರವನ್ನು ನಾನು ನೂರಾರು ಬಾಯಿಗಳಿಂದ ಕೇಳಿದ್ದೇನೆ. ದೊಡ್ಡವನು ನಕಾಶೆಯನ್ನು ತೆರೆದು, ವಿಮಾನದ ದಾರಿಯಿಂದ ದೂರದಲ್ಲಿದ್ದ ನಾಲ್ಕೇ ಮನೆಗಳ ಒಂದು ಗುಂಪನ್ನು ತೋರಿಸಿದ. "ಇಲ್ಲೆ ಇಳಿ. ಕಡಿಮಿ ಸಿಗತೈತಿ, ಆದ್ರ ಸಿಕ್ಕದ್ದು ಉಳಿತೈತಿ."

ಎರಡನೆಯದು ಆಸೆ. ಸತ್ತವನು ತನ್ನಲ್ಲಿದ್ದುದನ್ನೆಲ್ಲ ಒಂದು ಪೆಟ್ಟಿಗೆಯಾಗಿ ಬಿಟ್ಟುಹೋಗುತ್ತಾನೆ. ಚಿಕ್ಕವನ ಕಣ್ಣಿಗೆ ಪೆಟ್ಟಿಗೆ ಬಿದ್ದರೆ ಮುಗಿಯಿತು, ಬಟ್ಟಬಯಲಾಗಿರಲಿ, ನಡುದಾರಿಯಾಗಿರಲಿ, ಹೋಗಿ ಅದರ ಮುಂದೆ ನಿಂತುಬಿಡುತ್ತಿದ್ದ. ಅವನನ್ನು ಕೊಂದವನು ಎಲ್ಲಿದ್ದಾನೆ ಎಂಬ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಅವನ ಚೀಲವನ್ನು ಒಮ್ಮೆ ಬಿಚ್ಚಿ ನೋಡಿದ ದೊಡ್ಡವನು ಬಿದ್ದು ಬಿದ್ದು ನಕ್ಕ. ಕೈಯಲ್ಲಿದ್ದ ಬಂದೂಕಿಗೆ ಬೇಕಾದದ್ದು 5.56 ಮಿ.ಮೀ. ಗುಂಡು, ಚೀಲದ ತುಂಬ 7.62. ಆ ಗುಂಡನ್ನು ಹಾರಿಸುವ ಬಂದೂಕೇ ಅವನಲ್ಲಿರಲಿಲ್ಲ! ಔಷಧ ಇಡಲು ಜಾಗವಿಲ್ಲ.

ಮೂರನೆಯದು ಗುಂಡು ಹಾರಿಸುವ ಆತುರ. ಮುನ್ನೂರು ಮೀಟರು ದೂರದಲ್ಲಿ ಒಂದು ಚುಕ್ಕೆ ಚಲಿಸಿದರೆ ಸಾಕು, ಮೂವತ್ತು ಗುಂಡುಗಳ ಮ್ಯಾಗಝಿನ್ ಒಂದೇ ಉಸಿರಿಗೆ ಖಾಲಿ. ಮೊದಲೆರಡು ಗುಂಡು ವೈರಿಯ ಸುತ್ತ, ಉಳಿದವೆಲ್ಲ ಮುಗಿಲಿಗೆ. ಹಾರಿಸಿದ ಸದ್ದಿಗೆ ಸುತ್ತಲಿದ್ದವರಿಗೆಲ್ಲ ಇವನಿರುವ ಜಾಗ ಗೊತ್ತಾಗುತ್ತದೆ. ಮೊಬೈಲಿನ ಆಟದಲ್ಲಂತೂ ಮೂಲೆಯ ಪುಟ್ಟ ನಕಾಶೆಯ ಮೇಲೆ ಅದರ ಗುರುತೇ ಮೂಡುತ್ತದೆ. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಚಟವೂ ಹೊಸಬರಿಗೆ ಇರುತ್ತದಂತೆ. ಐದು ಗುಂಡು ಹಾರಿಸಿದೊಡನೆ, ಇನ್ನೂ ಇಪ್ಪತ್ತೈದು ಉಳಿದಿದ್ದರೂ, ಮತ್ತೆ ಗುಂಡು ತುಂಬಲು ತೊಡಗುವುದು. ಆ ಎರಡು ಮೂರು ಸೆಕೆಂಡು ಅವನ ಕೈ ಕಟ್ಟಿದಂತೆ. ಎದುರಿನವನಿಗೆ ಅಷ್ಟು ಸಾಕು. ಉತ್ತರ ಬರೆಯುವುದನ್ನು ಬಿಟ್ಟು ಮತ್ತೆ ಮತ್ತೆ ಪೆನ್ಸಿಲ್ ಚೂಪು ಮಾಡುವ ಹುಡುಗರನ್ನು ನಾನು ನೋಡಿದ್ದೇನೆ. ಅದೂ ಭಯದ್ದೇ ಒಂದು ರೂಪ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ನಾಲ್ಕನೆಯದು. ಚಿಕ್ಕವನು ನೋಡುತ್ತಿದ್ದ, ಕೇಳುತ್ತಿರಲಿಲ್ಲ. ದೊಡ್ಡವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದು ಮನೆಯೊಳಗೆ ಸುಮ್ಮನೆ ಕುಳಿತುಬಿಡುತ್ತಿದ್ದ, ಎರಡು ನಿಮಿಷ, ಮೂರು ನಿಮಿಷ. ನನಗೋ ಬೇಸರ. ಏನು ಮಾಡುತ್ತಿರುವೆ ಎಂದರೆ ಬಾಯಿಯ ಮೇಲೆ ಬೆರಳಿಡುವನು. ಆಮೇಲೆ ತನ್ನ ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿದ. ಮೊದಲು ಹುಲ್ಲಿನ ಮೇಲೆ ಯಾರೋ ಓಡಿಬಂದ ಸದ್ದು. ಬಳಿಕ ಮರದ ಹಲಗೆಯ ಮೇಲೆ. ಬಳಿಕ ನಿಶ್ಶಬ್ದ. "ಅಜ್ಜಾ, ಅಂವಾ ಬಾಗಲಾ ದಾಟಿ ಬಂದಾನ, ಈಗ ನಿಂತಾನ, ಅಂವಾನೂ ಕೇಳಾಕತ್ತಾನ" ಎಂದು ಪಿಸುಗುಟ್ಟಿದ. ಓಡಿದರೆ ಸದ್ದು ದೂರಕ್ಕೆ ಹೋಗುತ್ತದೆ, ಬಗ್ಗಿ ನಡೆದರೆ ಬಹುಮಟ್ಟಿಗೆ ಅಡಗುತ್ತದೆ. ಇಷ್ಟು ತಿಳಿಯಲು ಹೊಸಬರಿಗೆ ತಿಂಗಳುಗಳು ಬೇಕಂತೆ. ಕಣ್ಣಿಗೆ ಕಾಣುವ ತನಕ ವೈರಿ ಇಲ್ಲ ಎಂದೇ ಅವರ ನಂಬಿಕೆ. ಸೀಮೆಯ ಹೊಲದಲ್ಲಿ ರಾತ್ರಿ ಕಡಲೆ ಕಾಯುವ ಯಾವ ರೈತನಿಗೂ ಈ ಪಾಠ ಹೇಳಿಕೊಡಬೇಕಾಗಿಲ್ಲ. ಅವನ ಮಗನಿಗೆ ಹೇಳಿಕೊಡಬೇಕಾಗಿ ಬಂದಿತ್ತು.

ಐದನೆಯದಕ್ಕಾಗಿ ನಾನು ಇಬ್ಬರನ್ನೂ ಮನೆಯಿಂದ ಹೊರಗೆ ಎಬ್ಬಿಸಿದೆ. ಗುಡ್ಡದ ನೆತ್ತಿಯ ಮೇಲೆ ನೆಟ್ಟಗೆ ನಿಂತು ಸುತ್ತ ನೋಡುವುದು ಚಿಕ್ಕವನ ಅಭ್ಯಾಸ. ನೋಡಲು ಎತ್ತರ ಒಳ್ಳೆಯದಲ್ಲವೇ ಎಂದು ಅವನ ವಾದ. ಎನ್‌ಸಿಸಿಯಲ್ಲಿ 'ವಸ್ತುಗಳು ಏಕೆ ಕಾಣಿಸುತ್ತವೆ' ಎಂದೇ ಒಂದು ಪಾಠವಿತ್ತು. ಆಕಾರ, ನೆರಳು, ಹೊಳಪು, ಹಿನ್ನೆಲೆ, ಚಲನೆ, ಇವುಗಳ ಜೊತೆಗೆ ಬಾನಿನಂಚಿನಲ್ಲಿ ಮೂಡುವ ರೂಪರೇಖೆ. ಗಜೇಂದ್ರಗಡದಲ್ಲಿ ಈ ಪಾಠಕ್ಕೆ ಕರಿಹಲಗೆ ಬೇಕಿಲ್ಲ. ಸಂಜೆ ಐದೂವರೆಗೆ ಕಾಲಕಾಲೇಶ್ವರನ ಗುಡ್ಡದ ಬುಡಕ್ಕೆ ಹೋದೆವು. ಮೇಲೆ ಯಾರೋ ಒಬ್ಬ ದನ ಹೊಡೆದುಕೊಂಡು ಹೋಗುತ್ತಿದ್ದ. ಗುಡ್ಡದ ಮೈಯ ಮೇಲೆ ಇರುವಷ್ಟು ಹೊತ್ತು ಅವನು ಕಲ್ಲುಗಳಲ್ಲಿ ಕಲ್ಲಾಗಿದ್ದ. ಅಂಚನ್ನು ಏರಿದೊಡನೆ ಅವನ ಕೈಯ ಕೋಲು, ಹೆಗಲ ಕಂಬಳಿ, ಎಲ್ಲವೂ ಕತ್ತರಿಸಿಟ್ಟ ಕರಿಕಾಗದದ ಹಾಗೆ ಕಂಡವು. ಚಿಕ್ಕವನು ಬಾಯಿ ತೆರೆದು ನೋಡಿದ. "ಅಂಚಿನಿಂದ ನಾಕು ಮಾರು ಕೆಳಗ ನಿಂದ್ರಬೇಕು" ಎಂದು ತಾನೇ ಹೇಳಿದ.

ಅಲ್ಲಿಯೇ ಇನ್ನೊಂದು ಪರೀಕ್ಷೆ ಮಾಡಿದೆ. ದೂರದ ಗಾಳಿಯಂತ್ರವೊಂದನ್ನು ತೋರಿಸಿ, ದಿಕ್ಕು ಯಾವುದು ಎಂದೆ. ಮುಳುಗುವ ಸೂರ್ಯನನ್ನು ಒಮ್ಮೆ ನೋಡಿ, "ಮುನ್ನೂರಾ ಹದಿನೈದು" ಎಂದುಬಿಟ್ಟ. ವಾಯವ್ಯಕ್ಕೆ 315 ಡಿಗ್ರಿ! ಆಟದ ತೆರೆಯ ಮೇಲ್ತುದಿಯಲ್ಲಿ ದಿಕ್ಸೂಚಿಯ ಅಂಕಿಗಳು ಸರಿಯುತ್ತಿರುತ್ತವೆ. ತಂಡದವರಿಗೆ ವೈರಿಯ ದಿಕ್ಕನ್ನು ಆ ಅಂಕಿಯಿಂದಲೇ ಹೇಳುವುದು. ಎಂಟು ಕಿಲೋಮೀಟರು ಉದ್ದ, ಎಂಟು ಅಗಲದ ಆ ದ್ವೀಪದ ನಕಾಶೆಯಲ್ಲಿ ದೊಡ್ಡ ಚೌಕ ಒಂದು ಕಿಲೋಮೀಟರು, ಚಿಕ್ಕ ಚೌಕ ನೂರು ಮೀಟರು. ಇದೂ ಅವನಿಗೆ ಬಾಯಿಪಾಠ. ಇದೇ ಹುಡುಗನಿಗೆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಕಾಶೆಯ ಪ್ರಶ್ನೆಗೆ ಬಂದ ಅಂಕ ಸೊನ್ನೆ. ಖಾಲಿ ಬಿಟ್ಟಿದ್ದನಂತೆ. ಏಕೆಂದು ಕೇಳಿದೆ. "ಅಲ್ಲಿ ತಪ್ಪ ಬರದ್ರ ಎಲ್ಲಾರ ಮುಂದ ಎತ್ತಿ ಹಿಡದು ತೋರಸತಾರ ಅಜ್ಜಾ. ಇಲ್ಲೆ ಸತ್ರ ಯಾರಿಗೂ ಗೊತ್ತಾಗಂಗಿಲ್ಲ, ಮತ್ತ ಹೊಸಾದು ಚಾಲೂ ಆಗತೈತಿ" ಎಂದನು. ಆ ಉತ್ತರ ನನ್ನನ್ನು ರಾತ್ರಿ ನಿದ್ರೆಗೆಡಿಸಿತು. ಅರ್ಧ ಗಂಟೆಯಲ್ಲಿ ಮೂರು ಸಲ ಸಾಯುವ ಹುಡುಗ ಮೂರೂ ಸಲ ಏಕೆ ಸತ್ತೆನೆಂದು ಹೇಳಬಲ್ಲ. ಆರು ತಿಂಗಳಿಗೊಮ್ಮೆ ಪರೀಕ್ಷೆ ಬರೆಯುವ ಹುಡುಗ ಏಕೆ ಸೋತೆನೆಂದು ಹೇಳಲಾರ. ಬಿ.ಎಡ್. ಓದುವಾಗ 'ಪ್ರಯತ್ನ ಮತ್ತು ದೋಷ'ದ ಕಲಿಕೆಯೆಂದು ಥಾರ್ನ್‌ಡೈಕನ ಬೆಕ್ಕಿನ ಕಥೆಯನ್ನು ಹತ್ತು ಅಂಕಕ್ಕೆ ಬರೆದವರು ನಾವು. ಬೆಕ್ಕಿಗೆ ಯಾರೂ ಬಯ್ಯುತ್ತಿರಲಿಲ್ಲ ಎಂಬುದನ್ನು ಮಾತ್ರ ಯಾರೂ ಬರೆಯಲಿಲ್ಲ.

ಹಾಗೆಂದು ಆಟವನ್ನು ಹೊಗಳಲು ನಾನು ಇದನ್ನು ಬರೆಯುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ವ್ಯಸನವನ್ನು ಕಾಯಿಲೆಗಳ ಪಟ್ಟಿಗೆ ಸುಮ್ಮನೆ ಸೇರಿಸಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ 'ಶಟ್' ಎಂಬ ಚಿಕಿತ್ಸಾಲಯ ನಡೆದಿದೆ. ಊಟ, ನಿದ್ರೆ, ಶಾಲೆ ಮೂರನ್ನೂ ಆಟ ನುಂಗತೊಡಗಿದರೆ ಅಲ್ಲಿಗೆ ಹೋಗಬೇಕು, ನನ್ನಂಥ ಮಾಸ್ತರರ ಬಳಿಗಲ್ಲ. ನಮ್ಮ ಹುಡುಗ ಅಷ್ಟು ದೂರ ಹೋಗಿರಲಿಲ್ಲ ಎಂಬುದು ಎರಡನೆಯ ದಿನಕ್ಕೇ ತಿಳಿಯಿತು. ಕರೆದರೆ ಊಟಕ್ಕೆ ಏಳುತ್ತಿದ್ದ. ಮನೆಯಲ್ಲಿ ಮಾತನಾಡದವನು ಆಟದಲ್ಲಿ ಎಡೆಬಿಡದೆ ಮಾತನಾಡುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಬಂದೂಕಲ್ಲ, ಜೊತೆಗಾರರು ಎಂದು ನನ್ನ ತೀರ್ಮಾನ.

ಅದು ತಿಳಿದದ್ದು ಅವನ ಕೊನೆಯ ತಪ್ಪಿನಿಂದ. ನಾಲ್ವರ ತಂಡದಲ್ಲಿ ಒಬ್ಬನಿಗೆ ಗುಂಡು ತಗುಲಿದರೆ ಅವನು ತಕ್ಷಣ ಸಾಯುವುದಿಲ್ಲ. ನೆಲಕ್ಕೆ ಬಿದ್ದು ತೆವಳುತ್ತಾನೆ. ಜೊತೆಗಾರ ಹೋಗಿ ಹತ್ತು ಸೆಕೆಂಡು ಪಕ್ಕದಲ್ಲಿ ಕುಳಿತರೆ ಎದ್ದು ನಿಲ್ಲುತ್ತಾನೆ. ಯಾರು ಬಿದ್ದರೂ ಚಿಕ್ಕವನು ಅದೇ ಕ್ಷಣ ಅವನ ಬಳಿಗೆ ಓಡುವನು, ನೆಟ್ಟಗೆ, ಬಯಲಿನಲ್ಲಿ. ಮೊದಲನೆಯವನನ್ನು ಹೊಡೆದ ವೈರಿ ಅದಕ್ಕೆಂದೇ ಕಾದು ಕುಳಿತಿರುತ್ತಾನೆ. ಒಬ್ಬನ ಬದಲು ಇಬ್ಬರು. ದೊಡ್ಡವನು ರೇಗಿದ: "ಮೊದಲ ಹೊಡದಾಂವ ಎಲ್ಲಿ ಅದಾನ ನೋಡು, ಹೊಗಿ ಗ್ರೆನೇಡ್ ಒಗಿ, ಆಮ್ಯಾಲೆ ಹೋಗು. ಇಲ್ಲಾಂದ್ರ ಬಿಡು, ಸಾಯಲಿ." ಉಳಿದ ತಪ್ಪುಗಳನ್ನೆಲ್ಲ ಐದು ದಿನಗಳಲ್ಲಿ ತಿದ್ದಿಕೊಂಡ ಹುಡುಗ ಇದೊಂದನ್ನು ತಿದ್ದಿಕೊಳ್ಳಲಿಲ್ಲ. ಹೊಗೆ ಎಸೆಯುವುದನ್ನು ಕಲಿತ, ಸುತ್ತ ನೋಡುವುದನ್ನು ಕಲಿತ. ಆದರೆ ಹೊಗೆಯ ಗ್ರೆನೇಡ್ ಇಲ್ಲದಿದ್ದಾಗ ಹಾಗೆಯೇ ಓಡುತ್ತಿದ್ದ. ಆ ತಂಡದಲ್ಲಿ ಒಬ್ಬ ಕಲಬುರಗಿ ಕಡೆಯವನು, ಇನ್ನೊಬ್ಬ ಎಲ್ಲಿಯವನೋ, ಹಿಂದಿ ಮಾತನಾಡುವವನು. ಮುಖ ಕಂಡವರಲ್ಲ. ನಾನು ಇದನ್ನು ತಪ್ಪೆಂದು ತಿದ್ದಲು ಹೋಗಲಿಲ್ಲ.

ಸೂಟಿಯ ಕೊನೆಯ ದಿನ ಹುಡುಗರನ್ನು ಬಸ್ಸಿನಲ್ಲಿ ನರಗುಂದಕ್ಕೆ ಕರೆದೊಯ್ದೆ. ಎರೆಬಯಲಿನ ನಡುವೆ ಒಂಟಿಯಾಗಿ ನಿಂತ ಆ ಗುಡ್ಡವನ್ನು ಬುಡದಿಂದ ನೋಡಿ ದೊಡ್ಡವನು, "ಅಜ್ಜಾ, ಇದರ ಮ್ಯಾಲೆ ಕುಂತಾಂವನ್ನ ಯಾರ ಇಳಸತಾರ?" ಎಂದ. ಇಳಿಸುವುದು ಎಷ್ಟು ಕಷ್ಟವೆಂಬುದಕ್ಕೆ 1785 ಸಾಕ್ಷಿ. ಆಗ ಟಿಪ್ಪುವಿನ ಸೈನ್ಯ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ ಮೇಲೆಯೇ ಈ ಕೋಟೆ ಶರಣಾಯಿತು. ಆದರೆ 1858ರಲ್ಲಿ ಒಂದು ಹಗಲು, ಒಂದು ರಾತ್ರಿ ಸಾಕಾಯಿತು. ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನ ತಲೆ ಕಡಿದು ನರಗುಂದದ ಬಾಗಿಲಿಗೆ ತೂಗುಹಾಕಿದ ಭಾಸ್ಕರರಾವ್ ಭಾವೆ, ನಮ್ಮ ಬಾಬಾಸಾಹೇಬರು, ಜೂನ್ 1ರಂದು ಕರ್ನಲ್ ಮಾಲ್ಕಮ್‌ನ ಸೇನೆ ಬಂದಾಗ ಕೋಟೆಯಲ್ಲಿ ಕುಳಿತು ಕಾಯಲಿಲ್ಲ. ಅವರ ಜನ ಎದುರಾಗಲು ಬಯಲಿಗೆ ಇಳಿದರು. ಪಳಗಿದ ಕುದುರೆಪಡೆಯ ಮುಂದೆ, ಬಯಲಿನಲ್ಲಿ! ಸಂಜೆಯ ಹೊತ್ತಿಗೆ ಪೇಟೆ ಹೋಯಿತು. ಮರುದಿನ ಬೆಳಿಗ್ಗೆ ಮೇಲೇರಿದವರಿಗೆ ಕೋಟೆ ಬಹುತೇಕ ಬರಿದಾಗಿತ್ತು. ತೋರಗಲ್ಲಿನ ಕಡೆಯ ಕಾಡಿನಲ್ಲಿ ಸೆರೆ ಸಿಕ್ಕ ಬಾಬಾಸಾಹೇಬರನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

"ಗುಡ್ಡಾ ಬಿಟ್ಟು ಯಾಕ ಇಳದ್ರು?" ಎಂದು ಚಿಕ್ಕವನು ಕೇಳಿದ. ಮೂವತ್ತು ವರ್ಷ ಈ ಪಾಠ ಮಾಡಿದ್ದೇನೆ, ಇಸವಿ ಕೇಳಿದವರುಂಟು, ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಗೊತ್ತಿದ್ದುದನ್ನು ಹೇಳಿದೆ. ಸಂಸ್ಥಾನದ ದೊಡ್ಡ ತೋಪುಗಳನ್ನು ಇಂಗ್ಲಿಷರು ಮೊದಲೇ ಧಾರವಾಡಕ್ಕೆ ತರಿಸಿಕೊಂಡಿದ್ದರು. ಕೂಡಿ ಏಳಬೇಕಾಗಿದ್ದ ಮುಂಡರಗಿಯ ಭೀಮರಾಯರೂ ಹಮ್ಮಿಗೆಯ ಕೆಂಚನಗೌಡರೂ ಅದೇ ಜೂನ್ 1ರಂದು ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿಯುತ್ತಿದ್ದರು. ಬರುವವರು ಯಾರೂ ಇರಲಿಲ್ಲ. ಚಿಕ್ಕವನು ಗುಡ್ಡವನ್ನೂ ಬಯಲನ್ನೂ ಮತ್ತೊಮ್ಮೆ ನೋಡಿ, "ಹಂಗಾರ ವರ್ತುಲ ಸಣ್ಣದಾಗಿತ್ತು" ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಇದಕ್ಕಿಂತ ಚೆನ್ನಾದ ಒಂದು ಸಾಲಿನ ಉತ್ತರವನ್ನು ನಾನು ಯಾವ ಪತ್ರಿಕೆಯಲ್ಲಿಯೂ ತಿದ್ದಿಲ್ಲ.

ಇಳಿದು ಬರುವಾಗ ಇನ್ನೊಂದು ಸಂಗತಿಯನ್ನೂ ಹೇಳಿದೆ. ಇದೇ ನರಗುಂದದಲ್ಲಿ 1980ರ ಜುಲೈ 21ರಂದು, ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ರೈತರು ನಡೆಸಿದ ಬಂಡಾಯದ ದಿನ, ಗುಂಡು ಹಾರಿತು. ಇಲ್ಲಿ ಒಬ್ಬ ರೈತ, ಅಳಗವಾಡಿಯಲ್ಲಿ ಇನ್ನೊಬ್ಬ ರೈತ ಬಿದ್ದರು. ಪೊಲೀಸರೂ ಸತ್ತರು. ನನಗೆ ಆಗ ಇಪ್ಪತ್ತೊಂದು. ರೋಣದಲ್ಲಿದ್ದೆ. ಬಸ್ಸುಗಳು ನಿಂತುಹೋಗಿದ್ದವು. ವಾರದ ಮೇಲೆ ಬಂದ ನಮ್ಮ ಸೋದರಮಾವ ನರಗುಂದದಲ್ಲಿ ಅಂಗಡಿ ಇಟ್ಟಿದ್ದವರು. ಮೊದಲ ಸದ್ದು ಕೇಳಿದಾಗ ಯಾವುದೋ ಲಾರಿಯ ಟೈರು ಒಡೆದಿರಬೇಕೆಂದು ಅಂಗಡಿಯಿಂದ ಹೊರಗೆ ಬಂದು ನಿಂತರಂತೆ, ನೋಡಲು. ಬೀದಿಯಲ್ಲಿ ಎಲ್ಲರೂ ಹಾಗೆಯೇ ನಿಂತಿದ್ದರಂತೆ. ಎರಡನೆಯ ಸದ್ದಿಗೆ ಓಡಿದರು. ಆ ಮೇಲೆ ಸಾಯುವ ತನಕ ಅವರು ದೀಪಾವಳಿಯ ಪಟಾಕಿಗೆ ಮನೆಯ ಹೊರಗೆ ಬರಲಿಲ್ಲ. ಇದನ್ನು ಹೇಳುವಾಗ ದೊಡ್ಡವನು ಏನೋ ಕೇಳಲು ಹೊರಟವನು ಸುಮ್ಮನಾದ. ಚಿಕ್ಕವನು, "ಅವರನ್ನ ಎತ್ತಾಕ ಯಾರೂ ಹೋಗಲಿಲ್ಲೇನು?" ಎಂದು ಮಾತ್ರ ಕೇಳಿದ. ಹೋಗಿದ್ದರು ಎಂದೆ. ಬಸ್ ನಿಲ್ದಾಣದ ತನಕ ಮೂವರೂ ಮಾತನಾಡಲಿಲ್ಲ.

ಇನ್ನು ತಮ್ಮನ ಮಗನಿಗೆ ಏನು ಹೇಳಿದೆ ಎಂಬುದು. ಬಿಡಿಸಲಿಲ್ಲ, ಬಿಡಿಸುವುದಿಲ್ಲ ಎಂದೆ. ಹದಿನೆಂಟು ತುಂಬದವರಿಗೆ ದಿನಕ್ಕೆ 3 ತಾಸು ಎಂದು ಆಟದವರೇ ಒಂದು ಮಿತಿ ಹಾಕಿದ್ದರು. ನಮ್ಮ ಒಪ್ಪಂದ ಒಂದು ತಾಸಿನದು, ರಾತ್ರಿ ಊಟವಾದ ಮೇಲೆ, ಪಡಸಾಲೆಯಲ್ಲಿ, ಎಲ್ಲರ ನಡುವೆ. ಹಣ ಕೊಟ್ಟು ಅಂಗಿ ಟೊಪ್ಪಿಗೆಗಳನ್ನು ಕೊಳ್ಳುವುದಿಲ್ಲ. ಉಳಿದ ವೇಳೆ ಫೋನು ಅಪ್ಪನ ಕಿಸೆಯಲ್ಲಿ. ಅಪ್ಪನಿಗೂ ಒಂದು ಷರತ್ತು ಹಾಕಿದೆ: ವಾರಕ್ಕೊಮ್ಮೆಯಾದರೂ ಪಕ್ಕದಲ್ಲಿ ಕುಳಿತು ನೋಡಬೇಕು, ಬಯ್ಯಬಾರದು. ಇದು ಅವನಿಗೆ ಎಲ್ಲಕ್ಕಿಂತ ಕಠಿಣವೆನಿಸಿತು. ನಕಾಶೆಯ ಪ್ರಶ್ನೆಗಳನ್ನು ಹುಡುಗ ಪ್ರತಿ ರವಿವಾರ ಬರೆದು ನನಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವುದು, ತಪ್ಪನ್ನು ಅವನಿಗೊಬ್ಬನಿಗೇ ಹೇಳುವುದು ಎಂದಾಯಿತು. ಮಾರ್ಚ್ ತನಕ ಎರಡೇ ರವಿವಾರ ತಪ್ಪಿದವು.

ಸಂಕ್ರಾಂತಿಗೆ ನಾವು ಅವರ ಊರಿಗೆ ಹೋಗಿದ್ದೆವು. ರಾತ್ರಿ ಊಟವಾದ ಬಳಿಕ ಹುಡುಗ ಫೋನನ್ನು ಅಪ್ಪನ ಕೈಗೇ ಕೊಟ್ಟು, ನೀನೇ ಆಡು ಎಂದು ಕೂರಿಸಿದ. ನೇಗಿಲು ಹಿಡಿದ ಹೆಬ್ಬೆರಳುಗಳು ಗಾಜಿನ ಮೇಲೆ ಎಲ್ಲೆಲ್ಲಿಯೋ ಜಾರಿದವು. ಪ್ಯಾರಾಶೂಟಿನಿಂದ ಇಳಿದ ಅಪ್ಪ, ತನ್ನ ಹೊಲಕ್ಕೆ ಹೋಗುವವನ ಹಾಗೆ, ಗೋದಿಯ ಬಯಲಿನ ನಟ್ಟನಡುವೆ ನೆಟ್ಟಗೆ ನಡೆಯತೊಡಗಿದ. "ಅಪ್ಪಾ, ಬಗ್ಗು... ಗಿಡದ ಮರಿಗೆ ನಿಂದ್ರು... ಅಪ್ಪಾ, ಸ್ವಲ್ಪ ಕೇಳು, ಎಡಕ ಸಪ್ಪಳ ಆತು" ಎಂದು ಹುಡುಗ ಮೆಲ್ಲಗೆ ಹೇಳುತ್ತಿದ್ದ. ದನಿ ಏರಿಸಲಿಲ್ಲ. ಅಪ್ಪ ಎಡಕ್ಕೆ ತಿರುಗುವಷ್ಟರಲ್ಲಿ ಗುಂಡು ಬಿದ್ದಿತು.

"ಹೊಡದಾಂವ ಎಲ್ಲಿದ್ದ?" ಎಂದು ಅಪ್ಪ ಕೇಳಿದ.

"ಗುಡ್ಡದ ಅಂಚಿನ ಮ್ಯಾಲೆ ಇದ್ದ, ನನಗ ಕಂಡಿದ್ದ. ತಡಿ, ಇನ್ನೊಂದ ಆಟಾ ಹಚ್ಚತೇನಿ" ಎಂದು ಹುಡುಗ ಫೋನು ತೆಗೆದುಕೊಂಡ. ಒಳಗಿನಿಂದ ಅವನ ತಾಯಿ, ತಾಸು ಮುಗಿಯಿತೆಂದು ಕೂಗಿದಳು. ಇನ್ನೂ ಹತ್ತು ನಿಮಿಷ ಐತಿ ಎಂದು ಉತ್ತರ ಕೊಟ್ಟವನು ಅಪ್ಪ.